ಜಾವಾ ಕ್ಲಚ್ಚೂ ನಮ್ಮ ‘ಅಡ್ಜಸ್ಟ್’ ಪಾಂಡಿತ್ಯವೂ

ಜಾವಾ ಎಂದರೆ ಮೈಸೂರಿನವರ ಕಣ್ಣು ತೇವವಾಗುತ್ತದೆ. ಅಪ್ಪನ ಜಾವಾ, ಮಾವನ ಯೆಜ್ಡಿ, ಟ್ಯಾಂಕಿನ ಮೇಲೆ ಕೂತು ದಸರಾ ನೋಡಲು ಹೋದದ್ದು: ಇಂಥ ಬರಹಗಳನ್ನು ನಾವೆಲ್ಲ ಓದಿದ್ದೇವೆ. ನಾನೂ ಒಂದೆರಡು ಬರೆದಿದ್ದೇನೆ. ಈಗ ಅವುಗಳ ಬಗ್ಗೆ ನಾಚಿಕೆಯಾಗುತ್ತಿದೆ. ಕಾರಣ ಒಂದು ಕ್ಲಚ್ಚು.

ನಮ್ಮ ಮನೆಯಲ್ಲಿರುವುದು ಅಪ್ಪನ ಜಾವಾ 250. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅದರಲ್ಲಿ ಚಾಮುಂಡಿ ಬೆಟ್ಟ ಹತ್ತುತ್ತಿದ್ದೆ. ಅರ್ಧ ದಾರಿಗೆ ಎಂಜಿನ್ ಕೂಗತೊಡಗಿತು, ಗಾಡಿ ಮಾತ್ರ ನಡಿಗೆಯ ವೇಗಕ್ಕೆ ಇಳಿಯಿತು. ಕ್ಲಚ್ ಜಾರುತ್ತಿತ್ತು. ತಿರುಗಿಸಿಕೊಂಡು ಕೆಳಗೆ ಬಂದು ಸಿಗ್ನಲ್ಲಿನಲ್ಲಿ ನಿಂತರೆ ಇನ್ನೊಂದು ತೊಂದರೆ: ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ತೆವಳುತ್ತದೆ, ನ್ಯೂಟ್ರಲ್ ಬೀಳುವುದಿಲ್ಲ. ಅಂದರೆ ಹಿಡಿಯಬೇಕಾದಾಗ ಹಿಡಿಯದು, ಬಿಡಬೇಕಾದಾಗ ಬಿಡದು.

ಮೂರು ಗ್ಯಾರೇಜುಗಳಿಗೆ ಹೋದೆ. ಮೂರರಲ್ಲೂ ಒಂದೇ ಮಾತು: ‘ಅಡ್ಜಸ್ಟ್ ಮಾಡ್ಕೊಡ್ತೀನಿ ಬಿಡಿ ಸರ್.’ ಕೇಬಲ್ ಬಿಗಿ ಮಾಡಿದರೆ ತೆವಳುವುದು ನಿಂತು ಜಾರುವುದು ಹೆಚ್ಚಿತು. ಸಡಿಲ ಮಾಡಿದರೆ ಜಾರುವುದು ಕಡಿಮೆಯಾಗಿ ತೆವಳುವುದು ಹೆಚ್ಚಿತು.

ಕೊನೆಗೆ ಮಂಡಿ ಮೊಹಲ್ಲಾದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಗಾಡಿ ಮುಟ್ಟುವ ಮೊದಲೇ ಹೇಳಿದರು: ‘ಎರಡೂ ರೋಗ ಒಟ್ಟಿಗೆ ಇದ್ರೆ ಅದು ಅಡ್ಜಸ್ಟ್‌ಮೆಂಟ್ ಅಲ್ಲ ಕಣಪ್ಪ, ಸಾಮಾನೇ ಸರಿ ಇಲ್ಲ.’ ಕವರ್ ಬಿಚ್ಚಿ ಪ್ಲೇಟುಗಳನ್ನು ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟು, ವರ್ನಿಯರ್ ಹಿಡಿದು ಒಂದೊಂದನ್ನೇ ಅಳೆದರು. ಹೊರಗಿನಿಂದ ಅವಳಿಜವಳಿಯಂತಿದ್ದ ಪ್ಲೇಟುಗಳಲ್ಲಿ ಎರಡು ದಪ್ಪ, ಉಳಿದವು ತೆಳು. ಸ್ಪ್ರಿಂಗುಗಳಲ್ಲಿ ಎರಡು ಅಳತೆ.

ಜಾವಾದ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುವ ಹಲವು ಪ್ಲೇಟುಗಳ ಅಡಕು. ಸ್ಪ್ರಿಂಗುಗಳು ಅದನ್ನು ಒತ್ತಿ ಹಿಡಿಯುತ್ತವೆ. ಅಡಕಿನ ಒಟ್ಟು ದಪ್ಪ ಕಡಿಮೆಯಾದರೆ ಸ್ಪ್ರಿಂಗಿನ ಒತ್ತಡ ಸಾಲದೆ ಏರಿನಲ್ಲಿ ಜಾರುತ್ತದೆ. ಹೆಚ್ಚಾದರೆ ಪ್ಲೇಟುಗಳು ಬಿಡಿಸಿಕೊಳ್ಳಲು ಜಾಗ ಸಾಲುವುದಿಲ್ಲ. ಸ್ಪ್ರಿಂಗುಗಳೇ ಸಮನಾಗಿಲ್ಲದಿದ್ದರೆ ಒತ್ತುವ ತಟ್ಟೆ ಓರೆಯಾಗಿ ಏಳುತ್ತದೆ: ಒಂದು ಕಡೆ ಬಿಡುತ್ತದೆ, ಇನ್ನೊಂದು ಕಡೆ ಉಜ್ಜುತ್ತಲೇ ಇರುತ್ತದೆ. ಮೇಲಾಗಿ ಈ ಗಾಡಿಯದು ಅರೆ ಸ್ವಯಂಚಾಲಿತ ಕ್ಲಚ್ಚು. ಗೇರ್ ಲಿವರನ್ನು ಕಾಲಲ್ಲಿ ಒತ್ತಿದರೂ ಕ್ಲಚ್ ಬಿಡುತ್ತದೆ, ಕೈಯಲ್ಲಿ ಹಿಡಿದರೂ ಬಿಡುತ್ತದೆ. ಎರಡಕ್ಕೂ ಸ್ವಲ್ಪ ಸಡಿಲ ಉಳಿದಿರಲೇಬೇಕು. ಬೆರಕೆ ಸಾಮಾನಿನಲ್ಲಿ ಆ ಲೆಕ್ಕ ಕೂಡುವುದೇ ಇಲ್ಲ. ಯಾವ ಸ್ಕ್ರೂ ತಿರುಗಿಸಿದರೂ ಒಂದು ರೋಗ ಹೋಗಿ ಇನ್ನೊಂದು ಬರುತ್ತದೆ.

ನಾನು ಮಾನಸಗಂಗೋತ್ರಿಯಲ್ಲಿ ಗ್ರಂಥಸಂಪಾದನೆಯ ಮೇಲೆ ಸಂಶೋಧನೆ ಮಾಡುತ್ತಿರುವವನು. ಬೇರೆ ಬೇರೆ ಹಸ್ತಪ್ರತಿಗಳಿಂದ ಚೆನ್ನಾಗಿ ಕಂಡ ಪಾಠಗಳನ್ನು ಹೆಕ್ಕಿ ಹೊಲಿದರೆ ಯಾವ ಕವಿಯೂ ಬರೆಯದ ಪದ್ಯವೊಂದು ಹುಟ್ಟುತ್ತದೆ ಎಂದು ನಮಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಆ ಎಚ್ಚರವನ್ನು ಓಲೆಗರಿಗೆ ಮಾತ್ರ ಮೀಸಲಿಟ್ಟವರು ಯಾರು? 1905ರಲ್ಲಿ ಇದೇ ಊರಿನಲ್ಲಿ ಶಾಮಾಶಾಸ್ತ್ರಿಗಳು ಅರ್ಥಶಾಸ್ತ್ರದ ಓಲೆಕಟ್ಟನ್ನು ಗುರುತಿಸಿದರು, 1909ರಲ್ಲಿ ಅದು ಅಚ್ಚಾಯಿತು. ಆ ಹೆಮ್ಮೆ ನಮಗಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ತಯಾರಿಸಿತು, 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಅದರ ಬಗ್ಗೆ ನಾವು ಉಳಿಸಿಕೊಂಡದ್ದು ಹೊಗೆಯ ವಾಸನೆ ಮತ್ತು ಸೈಲೆನ್ಸರಿನ ಸದ್ದು.

ಕೈಪಿಡಿಗಳು ಇಂಗ್ಲಿಷಿನಲ್ಲಿ ಸಿಗುತ್ತವಲ್ಲ ಎನ್ನಬಹುದು. ಸಿಗುತ್ತವೆ. ಕಾರ್ಖಾನೆಯಿಂದ ಹೊರಬಂದಾಗ ಭಾಗ ಹೇಗಿತ್ತು ಎಂದು ಅವು ಹೇಳುತ್ತವೆ. ಇವತ್ತು ‘ಒರಿಜಿನಲ್’ ಎಂಬ ಚೀಟಿ ಅಂಟಿಸಿಕೊಂಡು ಬರುವ ಪ್ಲೇಟನ್ನು ಪತ್ತೆಹಚ್ಚುವುದು ಹೇಗೆ, ಯಾವುದಕ್ಕೆ ಯಾವುದು ಒಗ್ಗುತ್ತದೆ ಎಂಬುದು ಅವುಗಳಲ್ಲಿಲ್ಲ. ಅದು ಆ ಮೆಕ್ಯಾನಿಕ್‌ರ ಎಣ್ಣೆ ಮೆತ್ತಿದ ನೋಟುಪುಸ್ತಕದಲ್ಲಿದೆ, ಪೆನ್ಸಿಲಿನಲ್ಲಿ, ಅಳಿಸಿಹೋಗುತ್ತಿರುವ ಅಂಕಿಗಳಲ್ಲಿ. 2018ರಲ್ಲಿ ಜಾವಾ ಹೆಸರು ಮರಳಿ ಬಂದದ್ದೂ ಇದಕ್ಕೆ ಉತ್ತರವಲ್ಲ. ಅದು ಪೀತಂಪುರದಲ್ಲಿ ತಯಾರಾಗುವ ನಾಲ್ಕು ಸ್ಟ್ರೋಕಿನ ಬೇರೆಯೇ ಗಾಡಿ.

ಅದೆಲ್ಲ ಮೆಕ್ಯಾನಿಕ್‌ಗಳ ಕೆಲಸ, ಸಾಹಿತ್ಯದವರಿಗೇನು ಎಂದೂ ಕೇಳಬಹುದು. ಶಿವರಾಮ ಕಾರಂತರು ಹಾಗೆ ಕೇಳಿಕೊಂಡಿದ್ದರೆ ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’ ಬರುತ್ತಿರಲಿಲ್ಲ. ಅವರ ನಂತರದ ನಾವು ವಸ್ತುವಿನ ಬಗ್ಗೆ ಬರೆಯುವಾಗ ವಸ್ತುವನ್ನೇ ಬಿಟ್ಟು ನಮ್ಮ ಭಾವನೆಯ ಬಗ್ಗೆ ಬರೆಯುತ್ತೇವೆ. ಅಪ್ಪನ ಗಾಡಿ ಎಂಬ ಪ್ರಬಂಧದಲ್ಲಿ ಅಪ್ಪ ಇರುತ್ತಾರೆ, ಗಾಡಿ ಇರುವುದಿಲ್ಲ. ಗ್ಯಾರೇಜಿನ ‘ಅಡ್ಜಸ್ಟ್ ಮಾಡ್ಕೊಡ್ತೀನಿ’ ಎಂಬ ಮಾತಿಗೂ ನಮ್ಮ ಈ ಬರವಣಿಗೆಗೂ ದೊಡ್ಡ ವ್ಯತ್ಯಾಸವಿಲ್ಲ. ಎರಡೂ ಕವರ್ ಬಿಚ್ಚುವುದಿಲ್ಲ, ಎರಡೂ ಅಳೆಯುವುದಿಲ್ಲ.

1961ರಲ್ಲಿ ಇಪ್ಪತ್ತರ ಹರೆಯದಲ್ಲಿ ಕಾರ್ಖಾನೆ ಸೇರಿದವರು ಈಗ ಎಂಬತ್ತು ದಾಟಿದ್ದಾರೆ. ಕೊನೆಯ ವರ್ಷಗಳಲ್ಲಿ ಸೇರಿದವರೂ ಐವತ್ತು ದಾಟಿದ್ದಾರೆ. ಜನಪದ ಗೀತೆ ಸಂಗ್ರಹಿಸಲು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಹಳ್ಳಿ ಸುತ್ತಿದ ವಿದ್ವಾಂಸರ ಪರಂಪರೆ ನಮ್ಮದು. ಅದೇ ಕೆಲಸಕ್ಕೆ ಮಂಡಿ ಮೊಹಲ್ಲಾ ದೂರವೇ? ಒಬ್ಬ ವಿದ್ಯಾರ್ಥಿ ಒಬ್ಬ ಮೆಕ್ಯಾನಿಕ್ ಜೊತೆ ಒಂದು ತಿಂಗಳು ಕೂತು ಅವರ ಮಾತಿನಲ್ಲೇ ಬರೆದುಕೊಂಡರೆ, ಅವರ ಹೆಸರನ್ನೇ ಲೇಖಕರ ಜಾಗದಲ್ಲಿ ಹಾಕಿ ಅಚ್ಚು ಮಾಡಿದರೆ, ಅದು ಪಿಎಚ್.ಡಿ.ಗಿಂತ ಕಡಿಮೆಯ ಕೆಲಸವೇನಲ್ಲ.

ನನ್ನ ಗಾಡಿಗೆ ಒಂದೇ ಅಳತೆಯ ಪ್ಲೇಟು, ಸ್ಪ್ರಿಂಗು ಹುಡುಕಲು ಆರು ವಾರ ಹಿಡಿಯಿತು. ಈಗ ಬೆಟ್ಟ ಹತ್ತುತ್ತದೆ. ಕಳೆದ ವಾರದಿಂದ ಆ ನೋಟುಪುಸ್ತಕವನ್ನು ಪ್ರತಿ ಮಾಡಿಕೊಳ್ಳುತ್ತಿದ್ದೇನೆ. ಇಲ್ಲಿಯವರೆಗೆ ಹನ್ನೊಂದು ಪುಟ ಆಗಿದೆ. ಮೂರು ಅಂಕಿಗಳು ಓದಲು ಬರುತ್ತಿಲ್ಲ, ಅವರನ್ನೇ ಕೇಳಬೇಕು. ಅವರಿದ್ದಾರೆ, ಹಾಗಾಗಿ ಕೇಳಬಹುದು.