ಬುಗುರಿಯ ವಿದ್ಯೆ

ಅಂಗೈಯಲ್ಲಿ ಅಡಗುವಷ್ಟು ಮರದ ತುಂಡು. ತಲೆ ದುಂಡು, ಬುಡ ಚೂಪು. ಚೂಪಿನ ತುದಿಯಲ್ಲಿ ಒಂದು ಕಬ್ಬಿಣದ ಮೊಳೆ. ಇದಕ್ಕೆ ಚಾಟಿಯನ್ನು ಬಿಗಿಯಾಗಿ ಸುತ್ತಿ, ಬೀಸಿ ಎಸೆದು, ಸರಕ್ಕನೆ ಸೆಳೆದರೆ ಜಡವಾದ ಮರಕ್ಕೆ ಜೀವ ಬಂದಂತಾಗುತ್ತದೆ. ಬುಗುರಿಯು ಗುಂಯ್‌ಗುಡುತ್ತ ತಿರುಗುವುದನ್ನೂ, ಅಲುಗಾಟವೆಲ್ಲ ಅಡಗಿ ನಿಂತಲ್ಲೇ ನಿದ್ರಿಸುವಂತೆ ತೋರುವುದನ್ನೂ ಕಂಡು ಹಿಗ್ಗದ ಮಕ್ಕಳುಂಟೆ? ಮೈಮೇಲೆ ಹತ್ತಾರು ಗುನ್ನಗಳು ಬಿದ್ದರೂ ಒಳ್ಳೆಯ ಬುಗುರಿ ಆಟಕ್ಕೆ ಸಲ್ಲುತ್ತದೆ.

ಬುಗುರಿ ಸರಳವಾದ ವಸ್ತುವೆಂದ ಮಾತ್ರಕ್ಕೆ ಅದನ್ನು ಮಾಡುವ ಕೆಲಸವೂ ಸರಳವೆಂದು ತಿಳಿಯುವುದು ತಪ್ಪು. ಅದು ನೆಟ್ಟಗೆ ನಿಂತು ತಿರುಗಬೇಕಾದರೆ ಅದರ ತೂಕ ನಡುವಿನ ಅಕ್ಷದ ಸುತ್ತ ಸಮನಾಗಿ ಹಂಚಿಕೆಯಾಗಿರಬೇಕು. ಮೊಳೆ ಸ್ವಲ್ಪ ಓರೆಯಾದರೂ ಬುಗುರಿ ತತ್ತರಿಸುತ್ತದೆ. ವೇಗವಾಗಿ ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂಬುದೇ ಇಲ್ಲಿನ ತತ್ತ್ವ. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದನ್ನು ತೋರಿಸಲು ಫ್ರಾನ್ಸಿನ ವಿಜ್ಞಾನಿ ಫೂಕೊ 1852ರಲ್ಲಿ ಬಳಸಿದ ಗೈರೊಸ್ಕೋಪ್ ಎಂಬ ಉಪಕರಣಕ್ಕೂ, ಮುಂದೆ ಹಡಗು ವಿಮಾನಗಳಿಗೆ ದಿಕ್ಕು ತೋರಿದ ಸಾಧನಗಳಿಗೂ ಇದೇ ತತ್ತ್ವ ಆಧಾರವಾಯಿತು.

ಈ ವಿದ್ಯೆ ಮನುಷ್ಯನ ಕೈಯಲ್ಲಿ ಹೇಗೆ ನೆಲೆಸಿದೆಯೆಂಬುದನ್ನು ಚನ್ನಪಟ್ಟಣದಲ್ಲಿ ಕಾಣಬಹುದು. ಬೆಂಗಳೂರು-ಮೈಸೂರು ದಾರಿಯಲ್ಲಿರುವ ಈ ಊರಿನ ಕುಶಲಕರ್ಮಿಗಳು ಕಡೆಯುವ ಆಟಿಕೆಗಳಲ್ಲಿ ಬುಗುರಿಯೂ ಒಂದು. ಬಹುಕಾಲದಿಂದ ಅವರು ಆರಿಸಿಕೊಂಡದ್ದು ಆಲೆ ಮರವನ್ನು. ಅದು ದಂತದಂತೆ ಬಿಳುಪು, ಎಳೆ ನಯ, ಉಳಿಗೆ ಬೇಗ ಒಲಿಯುತ್ತದೆ. ಹಸಿ ಮರ ಆಮೇಲೆ ಒಣಗಿ ಸೀಳುವುದರಿಂದ, ಅದನ್ನು ತಿಂಗಳುಗಟ್ಟಲೆ ಒಣಗಿಸಿದ ಬಳಿಕವೇ ಲೇತಿಗೆ ಏರಿಸುತ್ತಾರೆ. ತಿರುಗುವ ಮರಕ್ಕೆ ಉಳಿಯಿಂದ ಆಕಾರ ತಂದು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಕುಂಚ ಬೇಕಿಲ್ಲ, ಉಜ್ಜುವಿಕೆಯ ಕಾವಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅನಂತರ ತಾಳೆಯ ಗರಿಯನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪೇರುತ್ತದೆ. ಎಷ್ಟು ಒತ್ತಬೇಕು, ಯಾವಾಗ ಕೈ ತೆಗೆಯಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು; ಅದನ್ನು ಬೆರಳುಗಳೇ ಕಲಿಯಬೇಕು.

ಹೀಗಿದ್ದರೂ ಪುಸ್ತಕ ಓದಿದವನನ್ನು ಮಾತ್ರ ವಿದ್ಯಾವಂತನೆಂದು ಕರೆದು, ಮರ ಕಡೆಯುವವನನ್ನು ಬರಿಯ ಕೈಕೆಲಸದವನೆಂದು ಕಾಣುವ ವಾಡಿಕೆ ಸಮಾಜದಲ್ಲಿ ಇನ್ನೂ ಉಳಿದಿದೆ. ಇದರಿಂದಾಗಿ, ತಾನು ಬಲ್ಲ ಕಸುಬನ್ನು ಮಗನಿಗೆ ಹೇಳಿಕೊಡಲು ತಂದೆಯೇ ಹಿಂಜರಿಯುವಂತಾಗುತ್ತದೆ. ಮಗನು ಬೇರೆ ಉದ್ಯೋಗವನ್ನು ಆರಿಸಿಕೊಳ್ಳುವುದು ತಪ್ಪಲ್ಲ. ಆದರೆ ತಂದೆಯ ಕಸುಬಿಗೆ ನಾಚಿ ಅದನ್ನು ಬಿಡುವಂತಾದರೆ, ಆ ತಪ್ಪು ಸಮಾಜದ್ದು. 2005-06ನೇ ಸಾಲಿನಲ್ಲಿ ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬೇರೆಡೆಯ ಆಟಿಕೆಗಳನ್ನು ಆ ಹೆಸರಿನಲ್ಲಿ ಮಾರದಂತೆ ಅದು ರಕ್ಷಣೆ ನೀಡುತ್ತದೆ. ಆದರೆ ಕಸುಬು ಉಳಿಯಬೇಕಾದರೆ ಕೊಳ್ಳುವವರು ತಕ್ಕ ಬೆಲೆಯನ್ನೂ ಗೌರವವನ್ನೂ ಕೊಡಬೇಕು.

ಯಂತ್ರದಿಂದ ಸಾವಿರಾರು ಪ್ಲಾಸ್ಟಿಕ್ ಬುಗುರಿಗಳು ಅಗ್ಗವಾಗಿ ಬರುವಾಗ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಅಗ್ಗದ ಆಟಿಕೆ ಬಡ ಮಗುವಿನ ಕೈಗೂ ಎಟಕುತ್ತದೆ, ಅದನ್ನು ಹಳಿಯಬೇಕಾಗಿಲ್ಲ. ಯಂತ್ರವೂ ಕುಶಲತೆಯ ಶತ್ರುವಲ್ಲ. ಹಿಂದೆ ಕೈಯಿಂದ ತಿರುಗಿಸುತ್ತಿದ್ದ ಲೇತನ್ನು ಇಂದು ಚನ್ನಪಟ್ಟಣದಲ್ಲಿ ಬಹುಮಟ್ಟಿಗೆ ವಿದ್ಯುತ್ತೇ ತಿರುಗಿಸುತ್ತದೆ; ದಣಿವು ಕಡಿಮೆಯಾಯಿತೇ ಹೊರತು ಉಳಿ ಹಿಡಿದವನ ಜಾಣ್ಮೆಯ ಅಗತ್ಯ ತಪ್ಪಲಿಲ್ಲ. ಆದರೆ ಪ್ಲಾಸ್ಟಿಕ್ ಬುಗುರಿ ಮುರಿದರೆ ಅದಕ್ಕೆ ತಿಪ್ಪೆಯೇ ಗತಿ. ಮರದ ಬುಗುರಿಯ ಮೊಳೆ ಸವೆದರೆ ಹೊಸ ಮೊಳೆ ಹೊಡೆದು ಮತ್ತೆ ಆಡಬಹುದು. ಕೊಳ್ಳುವಾಗ ಬೆಲೆಯೊಂದನ್ನೇ ನೋಡುವವರು ಬಾಳಿಕೆಯನ್ನು ಮರೆಯುತ್ತಾರೆ.

ಬುಗುರಿಯಾಡುವ ವಿದ್ಯಾರ್ಥಿಯು ಒಮ್ಮೆ ಅದನ್ನು ಕೈಯಲ್ಲಿ ಹಿಡಿದು, ಮೊಳೆ ನಡುವಿಗೆ ಸರಿಯಾಗಿದೆಯೆ ಎಂದು ಪರೀಕ್ಷಿಸಲಿ. ಸಾಧ್ಯವಾದರೆ ಊರಿನ ಬಡಗಿಯ ಬಳಿ ಕುಳಿತು ತಾನೇ ಒಂದು ಬುಗುರಿಯನ್ನು ಮಾಡಲಿ. ಮೊದಲನೆಯದು ತತ್ತರಿಸೀತು; ಎರಡನೆಯದೂ ತತ್ತರಿಸೀತು. ನೆಟ್ಟಗೆ ನಿಂತು ತಿರುಗುವ ಬುಗುರಿ ಸಿದ್ಧವಾಗುವ ಹೊತ್ತಿಗೆ, ಅದನ್ನು ಮಾಡಬಲ್ಲವರ ಬಗೆಗೆ ಗೌರವವೂ ಅವನಲ್ಲಿ ತಾನಾಗಿ ಮೂಡಿರುತ್ತದೆ.