ರೀಸ್ಟಾರ್ಟ್ ಅಂದ್ರೆ ರಿಪೇರಿ ಅಲ್ಲ

ಔಟ್‌ಲುಕ್ ಹ್ಯಾಂಗ್ ಆಯ್ತು ಅಂದ್ರೆ ನಮ್ಮ ಆಫೀಸಿನಲ್ಲಿ ಮೂರೇ ಮಂತ್ರ. ರೀಸ್ಟಾರ್ಟ್ ಮಾಡಿ, ರೀಇನ್‌ಸ್ಟಾಲ್ ಮಾಡಿ, ಫಾರ್ಮ್ಯಾಟ್ ಹೊಡೀರಿ. ಯಾಕೆ ಹ್ಯಾಂಗ್ ಆಯ್ತು ಅಂತ ಕೇಳೋರು ಮಾತ್ರ ಒಬ್ಬರೂ ಇಲ್ಲ.

ಪಕ್ಕದ ಡೆಸ್ಕಿನ ಟೆಸ್ಟರ್ ಕತೆ ಕೇಳಿ. ಮೇಲ್ ತೆರೆದರೆ ಸಾಕು, ಸ್ಕ್ರೀನ್ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್'. ಮೂರು ದಿನ ಮೂರು ರೀಸ್ಟಾರ್ಟ್, ಮೂರು ಟಿಕೆಟ್ ಕ್ಲೋಸ್. ನಾಲ್ಕನೇ ದಿನ ಫಾರ್ಮ್ಯಾಟ್. ಸರ್ವರ್‌ನಲ್ಲಿ ಜಾಗ ಕಮ್ಮಿ ಅಂತ ಹಳೇ ಮೇಲ್‌ಗಳನ್ನೆಲ್ಲ ಪಿಎಸ್‌ಟಿ ಫೈಲ್ ಮಾಡಿ ತಮ್ಮ ತಮ್ಮ ಮೆಷಿನ್‌ನಲ್ಲೇ ಇಟ್ಕೊಳ್ಳಿ ಅಂದಿದ್ದು ಆಫೀಸೇ. ಫಾರ್ಮ್ಯಾಟ್‌ಗೆ ಮುಂಚೆ ಆ ಫೈಲನ್ನು ಯಾರೂ ಕಾಪಿ ಮಾಡಲಿಲ್ಲ. ಆರು ವರ್ಷದ ಮೇಲ್ ಹೋಯ್ತು. ಅಪ್ರೈಸಲ್‌ನಲ್ಲಿ 'ಇದನ್ನ ಮಾಡಿದ್ದು ನಾನೇ' ಅಂತ ತೋರಿಸೋಕೆ ಆಕೆ ಹತ್ರ ಇದ್ದ ಸಾಕ್ಷಿಯೂ ಅದರಲ್ಲೇ ಇತ್ತು.

ವಾರದ ನಂತರ ಔಟ್‌ಲುಕ್ ಮತ್ತೆ ಹ್ಯಾಂಗ್!

ಆಗ ನಾನು ಕೂತೆ. ಕಂಟ್ರೋಲ್ ಕೀ ಒತ್ತಿ ಹಿಡಿದು ತೆರೆದರೆ ಸೇಫ್ ಮೋಡ್ ಬೇಕಾ ಅಂತ ಅದೇ ಕೇಳುತ್ತೆ. ಹೂಂ ಅಂದೆ. ಚೆನ್ನಾಗೇ ಓಡಿತು. ಸೇಫ್ ಮೋಡ್‌ನಲ್ಲಿ ಆಡ್-ಇನ್‌ಗಳು ಲೋಡ್ ಆಗಲ್ಲ, ಹಾಗಾಗಿ ಮೊದಲ ಅನುಮಾನ ಅವುಗಳ ಮೇಲೆ. ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ ಎಲ್ಲದರ ಟಿಕ್ ತೆಗೆದು, ಒಂದೊಂದೇ ಹಾಕ್ತಾ ಬಂದೆ. ನಾಲ್ಕನೆಯದು ಹಾಕಿದ ಕೂಡಲೇ ಹ್ಯಾಂಗ್. ಯಾರೂ ಬಳಸದ ಮೀಟಿಂಗ್ ಆಡ್-ಇನ್ ಅದು. ಫಾರ್ಮ್ಯಾಟ್ ಆದ ಪ್ರತಿ ಮೆಷಿನ್‌ಗೂ ನಮ್ಮ ಆಫೀಸೇ ತುಂಬಿ ಕಳಿಸೋದು. ಹಿಡಿದಿದ್ದು ಹತ್ತು ನಿಮಿಷ.

ಸೇಫ್ ಮೋಡ್‌ನಲ್ಲೂ ಹ್ಯಾಂಗ್ ಆಗಿದ್ದರೆ ಪಿಎಸ್‌ಟಿ ಫೈಲ್ ನೋಡಬೇಕಿತ್ತು. ಅದನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿಟ್ಟು ಬಳಸಬೇಡಿ ಅಂತ ಮೈಕ್ರೋಸಾಫ್ಟೇ ಹೇಳುತ್ತೆ. ಹಳೇ ಕಾಲದ ಪಿಎಸ್‌ಟಿ ಆದರೆ 2 ಜಿಬಿಯೇ ಮಿತಿ. ಫೈಲ್ ಕೆಟ್ಟಿದ್ದರೆ ಸರಿಮಾಡೋಕೆ ಸ್ಕ್ಯಾನ್‌ಪಿಎಸ್‌ಟಿ ಔಟ್‌ಲುಕ್ ಜೊತೆಗೇ ಬರುತ್ತೆ. ಕಾಪಿ ಇಟ್ಕೊಂಡು ಓಡಿಸಿದರಾಯ್ತು. ಇದರಲ್ಲಿ ಯಾವ ಗುಟ್ಟೂ ಇಲ್ಲ ಸ್ವಾಮಿ.

ನಮ್ಮೂರಲ್ಲಿ ಪಂಪ್‌ಸೆಟ್ ನಿಂತರೆ ಯಾರೂ ಹೊಸ ಬಾವಿ ತೋಡಲ್ಲ. ನಾಲ್ಕನೇ ಕ್ಲಾಸ್ ಓದಿದ ನಮ್ಮಪ್ಪ ಮೊದಲು ಮೂರು ಫೇಸ್ ಇದೆಯಾ ನೋಡ್ತಾನೆ. ಆಮೇಲೆ ಫ್ಯೂಸ್, ಸ್ಟಾರ್ಟರ್, ಕೊನೆಗೆ ಫುಟ್‌ವಾಲ್ವ್. ಒಂದು ಸಲಕ್ಕೆ ಒಂದೇ. ಬಿಇ ಓದಿದ ನಾವು ನೇರವಾಗಿ ಬಾವಿ ಮುಚ್ತೀವಿ.

ಇದಕ್ಕೆ ಸಪೋರ್ಟ್ ಹುಡುಗನನ್ನು ಬೈಬೇಡಿ. ಕಾಂಟ್ರ್ಯಾಕ್ಟ್ ಕೆಲಸ ಅವನದು. ಎಷ್ಟು ಟಿಕೆಟ್ ಎಷ್ಟು ಬೇಗ ಕ್ಲೋಸ್ ಮಾಡಿದ ಅನ್ನೋದನ್ನೇ ಅಳೀತಾರೆ. ಕಾರಣ ಹುಡುಕ್ತಾ ಅರ್ಧ ಗಂಟೆ ಕೂತರೆ ಅವನಿಗೇ ಕೆಟ್ಟ ಹೆಸರು. ನಾವೇನು ಕಮ್ಮಿನಾ? 'ನನ್ನ ಮೆಷಿನ್‌ನಲ್ಲಿ ಬರ್ತಿಲ್ಲ' ಅಂತ ಬರೆದು ಬಗ್ ಕ್ಲೋಸ್ ಮಾಡಿದ ಪಾಪ ನನ್ನ ತಲೆ ಮೇಲೂ ಇದೆ.

ನಾನು ಕೇಳ್ತಿರೋದು ಎರಡೇ. ಕಾರಣ ಬರೆಯದೆ ಯಾವ ಟಿಕೆಟ್ಟೂ ಕ್ಲೋಸ್ ಆಗಬಾರದು. ಕಾಪಿ ತೆಗೆಯದೆ ಯಾವ ಮೆಷಿನ್ನೂ ಫಾರ್ಮ್ಯಾಟ್ ಆಗಬಾರದು. ಇದಕ್ಕೆ ಹೊಸ ಟೂಲ್ ಬೇಡ, ಟ್ರೈನಿಂಗೂ ಬೇಡ.

ಆ ಟೆಸ್ಟರ್ ಈಗ ಮುಖ್ಯವಾದ ಮೇಲ್‌ಗಳನ್ನೆಲ್ಲ ಪ್ರಿಂಟ್ ತೆಗೆದು ಡ್ರಾಯರ್‌ನಲ್ಲಿ ಬೀಗ ಹಾಕಿಡ್ತಾಳೆ. ಅದೂ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ!