ಸಿಇಟಿಯ ಆ ಇಪ್ಪತ್ತು ನಿಮಿಷ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಗಾಂಧಿನಗರದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವವನು ನಾನು. ಮಾಗಡಿ, ನೆಲಮಂಗಲ ಕಡೆಯಿಂದ ಬಂದು ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿಯುವ ಮಕ್ಕಳೇ ಹೆಚ್ಚು. ದೊಡ್ಡ ಕೋಚಿಂಗ್ ಸೆಂಟರಿಗೆ ದುಡ್ಡು ಕಟ್ಟಲಾಗದ ಇವರಿಗೆ ಪಿಯು ಪಠ್ಯಪುಸ್ತಕವೇ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಗೂ ಆಧಾರ.

2024ರ ಏಪ್ರಿಲ್ 18 ಮತ್ತು 19ರ ಸಿಇಟಿಯಲ್ಲಿ ಆ ಆಧಾರವೇ ಕೈಕೊಟ್ಟಿತು. 240 ಪ್ರಶ್ನೆಗಳಲ್ಲಿ 50 ಪಠ್ಯಕ್ರಮದ ಹೊರಗಿನವು, ಗಣಿತವೊಂದರಲ್ಲೇ 15. ಪಿಯು ಇಲಾಖೆ ಕೈಬಿಟ್ಟಿದ್ದ, ಉಪನ್ಯಾಸಕರು ಆ ವರ್ಷ ಪಾಠವನ್ನೇ ಮಾಡದ ಭಾಗಗಳಿಂದ ಪ್ರಶ್ನೆ ಬಂತು. ಮರುಪರೀಕ್ಷೆ ಬೇಡವೆಂದು ತೀರ್ಮಾನಿಸಿ, ಆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಡಲಾಯಿತು.

ಅಂಕವೇನೋ ಸರಿಹೋಯಿತು ಅನ್ನಬಹುದು. ಸಮಯ? ಪ್ರತಿ ವಿಷಯದ 60 ಪ್ರಶ್ನೆಗೆ 80 ನಿಮಿಷ. ಲೆಕ್ಕ ಹಾಕಿದರೆ ಗಣಿತದ ಆ 15 ಪ್ರಶ್ನೆಗೆ 20 ನಿಮಿಷ. ‘ಇದು ನಾನು ಓದಿದ್ದೇ ಇರಬೇಕು, ಮರೆತಿದ್ದೇನೆ’ ಎಂದು ತನ್ನನ್ನೇ ಅನುಮಾನಿಸಿಕೊಂಡು ಒದ್ದಾಡಿದ ಹುಡುಗಿ ಆ ಹೊತ್ತನ್ನು ಕಳೆದುಕೊಂಡಳು. ಕಲಿತದ್ದನ್ನು ಬರೆಯಲು ಅವಳಿಗೆ ಸಮಯ ಉಳಿಯಲಿಲ್ಲ. ಕಂಡ ಕೂಡಲೇ ದಾಟಿ ಹೋದವನಿಗೆ ಲಾಭವಾಯಿತು. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ತೂಕ ಸಿಇಟಿಯದು. ಆ ನಷ್ಟವನ್ನು ಯಾವ ಕೀ ಉತ್ತರವೂ ತುಂಬಿಕೊಡಲಾರದು.

ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ), ಪಿಯು ಇಲಾಖೆ ಎರಡೂ ಮಲ್ಲೇಶ್ವರದ 18ನೇ ಕ್ರಾಸಿನಲ್ಲೇ ಇವೆ. ಆದರೆ ಸಿಇಟಿ ನಿಮ್ಮ ಇಲಾಖೆಯದು, ಪಿಯು ಶಾಲಾ ಶಿಕ್ಷಣ ಇಲಾಖೆಯದು. ತಪ್ಪು ನುಸುಳಿದ್ದು ಈ ಸಂದಿಯಲ್ಲೇ ಎಂದು ನಾನು ನಂಬಿದ್ದೇನೆ. ಹಿಂದೆಯೂ ಪಿಯು ಮತ್ತು ಸಿಇಟಿ ಕೂಡುವ ಜಾಗದಲ್ಲೇ ಮಕ್ಕಳು ಸಿಕ್ಕಿಬಿದ್ದಿದ್ದರು. ಕೋವಿಡ್ ವರ್ಷದ ಪಿಯು ಅಂಕಗಳನ್ನು 2022ರ ರ‍್ಯಾಂಕಿಗೆ ಪರಿಗಣಿಸದೆ ಹೋದಾಗ ಆ ವರ್ಷ ಪಿಯು ಮುಗಿಸಿ ಮತ್ತೆ ಸಿಇಟಿ ಬರೆದ ಅಭ್ಯರ್ಥಿಗಳು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಹದಿನೆಂಟರ ಮಕ್ಕಳು ಕಾಲೇಜು ಸೇರಲು ವಕೀಲರನ್ನು ಹುಡುಕುವುದು ಯಾವ ನ್ಯಾಯ ಸ್ವಾಮಿ?

ನಾನು ಕೇಳುವುದು ಇಷ್ಟು. ಸಿಇಟಿ ಅರ್ಜಿ ಕರೆದ ದಿನವೇ, ಕೈಬಿಟ್ಟ ಪಾಠಗಳ ಸಮೇತ ಪಠ್ಯಕ್ರಮವನ್ನು ಎರಡೂ ಕಚೇರಿಗಳ ಸಹಿಯೊಂದಿಗೆ ಪ್ರಕಟಿಸಿ. ಪ್ರಶ್ನೆಪತ್ರಿಕೆ ಅಚ್ಚಿಗೆ ಹೋಗುವ ಮುನ್ನ, ಆ ವರ್ಷ ಪಿಯು ತರಗತಿಯಲ್ಲಿ ನಿಜವಾಗಿ ಪಾಠ ಮಾಡಿದ ಉಪನ್ಯಾಸಕರು ಅದನ್ನು ಗೋಪ್ಯವಾಗಿ ಪರಿಶೀಲಿಸಲಿ. ಇವೆರಡೂ ಆಗಿನ ಅಧಿಕಾರಿಯ ಒಳ್ಳೆಯತನಕ್ಕೆ ಬಿಟ್ಟ ಮಾತಾಗದೆ ಸರ್ಕಾರಿ ಆದೇಶವಾಗಲಿ. ಆಮೇಲೂ ತಪ್ಪಾದರೆ ಕಳೆದ ಸಮಯಕ್ಕೆ ಏನು ಪರಿಹಾರ ಎಂಬುದನ್ನೂ ಆ ಆದೇಶದಲ್ಲೇ ಬರೆಯಿರಿ. ಪರೀಕ್ಷೆ ಬರೆಯುವ ಮಕ್ಕಳಿಗೆ ಅದು ಮೊದಲೇ ಗೊತ್ತಿರಬೇಕು.

ಇತಿ,
ಗಾಂಧಿನಗರದ ಒಬ್ಬ ಗಣಿತ ಮೇಷ್ಟ್ರು